ವಂದನಾರ್ಪಣೆಯ ಹರಾಜು

ವಂದನಾರ್ಪಣೆಗೆ ಎದ್ದು ನಿಲ್ಲುವವನ ಪಾಡು ಎಂಥದೆಂಬುದು ಕುರ್ಚಿಗಳಿಗೆ ಮಾತ್ರ ಗೊತ್ತು. ಏಕೆಂದರೆ ಆ ಹೊತ್ತಿಗೆ ಸಭೆಯಲ್ಲಿ ಉಳಿದಿರುವುದು ಅವು ಮಾತ್ರ.

ಪ್ರೂಫ್ ರೀಡರ್ ಈ ಸತ್ಯವನ್ನು ವರ್ಷಾನುಗಟ್ಟಲೆ ಅನುಭವಿಸಿಯೂ ಬುದ್ಧಿ ಕಲಿತಿರಲಿಲ್ಲ. ಅಚ್ಚುಕೂಟದಲ್ಲಿ ಕೆಂಪು ಪೆನ್ನು ಹಿಡಿದು ಹಗಲೆಲ್ಲ ಕಂಡವರ ಮಾತಿಗೆ ಕತ್ತರಿ ಹಾಕುವುದು ಅವನ ಹೊಟ್ಟೆಪಾಡು. ಆದರೆ ಊರಿನ ಹೊಟ್ಟೆಯನ್ನೆಲ್ಲ ಕೊಯ್ಯುವ ಡಾಕ್ಟರು ತಮ್ಮ ಹೊಟ್ಟೆಗೆ ಚಾಕು ತಾಗಿಸುತ್ತಾರೆಯೇ? ತನ್ನ ಭಾಷಣದಲ್ಲಿ ಅವನು ಒಂದು ಅಲ್ಪವಿರಾಮವನ್ನೂ ಬಿಟ್ಟವನಲ್ಲ. 'ಕೊನೆಯದಾಗಿ' ಎಂದು ಒಂದೇ ಭಾಷಣದಲ್ಲಿ ಹತ್ತಾರು ಸಲ ಹೇಳಿ ಮತ್ತೆ ಮುಂದುವರಿಸುತ್ತಿದ್ದುದರಿಂದ ಬೀದಿಯಲ್ಲಿ ಅವನ ಹೆಸರೇ ಅದಾಗಿತ್ತು. ತರಕಾರಿ ಮಾರುವವಳು ಕೂಡ, "ಏನ್ರೀ ಕೊನೇದಾಗಿ, ಟೊಮ್ಯಾಟೊ ಬೇಡ್ವಾ ಇವತ್ತು?" ಎನ್ನುತ್ತಿದ್ದಳು. ಇದರಲ್ಲಿ ಅವನಿಗೆ ಗೌರವವೇ ಕಂಡಿತ್ತು. ಮನುಷ್ಯನಿಗೆ ಹೇಗಾದರೂ ಹೆಸರು ಬಂದರೆ ಸಾಕಲ್ಲ.

ಈ ಸಲದ ಸಭೆ ಅವನ ಅಕ್ಕನದು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಅಕ್ಕ ಸಂಜೆ ಶಾಲೆ ನಡೆಸುತ್ತಿದ್ದಳು. ಗುಜರಿ ಆಯುವವರ, ಮನೆಗೆಲಸದವರ, ಕಟ್ಟಡ ಕೂಲಿಯವರ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಕೆಳಗೆ ಟ್ಯೂಬಿಗೆ ಗಾಳಿ ತುಂಬುವ ಸದ್ದು, ಮೇಲೆ ಮಗ್ಗಿಯ ಸದ್ದು. ಈಗ ಕಟ್ಟಡದ ಮಾಲೀಕನ ಕಣ್ಣಿಗೆ ಜಿಮ್ ನಡೆಸುವವನೊಬ್ಬ ಬಿದ್ದಿದ್ದ. "ವರ್ಷದ ಬಾಡಿಗೆ ಒಟ್ಟಿಗೇ ಕೊಟ್ಬಿಡಿ ಟೀಚರ್, ಇಲ್ಲಾಂದ್ರೆ ತಿಂಗಳ ಕೊನೆಗೆ ಖಾಲಿ ಮಾಡಿ" ಎಂದು ಅವನು ನಗುನಗುತ್ತಲೇ ಹೇಳಿ ಹೋಗಿದ್ದ. ಅದಕ್ಕೇ ಪಕ್ಕದ ಬೀದಿಯ ಸಭಾಂಗಣದಲ್ಲಿ ಈ ಸಹಾಯಾರ್ಥ ಸಂಜೆ: ಮಕ್ಕಳ ಹಾಡು, ಪುಟ್ಟ ನಾಟಕ, ಅತಿಥಿಗಳ ಎರಡು ಮಾತು, ಆಮೇಲೆ ವಂದನಾರ್ಪಣೆ.

"ಎರಡೇ ನಿಮಿಷ ಕಣೋ. ನಿನ್ನ ದಮ್ಮಯ್ಯ ಅಂತೀನಿ" ಎಂದಿದ್ದಳು ಅಕ್ಕ.

"ಎರಡು ಹಾಳೆ ಅಷ್ಟೇ ಅಕ್ಕ."

ಹಸಿ ಸುಳ್ಳು. ಏಳು ಹಾಳೆಗಳಿದ್ದವು.

ಮೊದಲ ಆರರಲ್ಲಿ ಮೈಕಿನವರು, ಕುರ್ಚಿಯವರು, ಬ್ಯಾನರ್ ಬರೆದವರು, ಬ್ಯಾನರ್ ಕಟ್ಟಲು ಏಣಿ ಕೊಟ್ಟವರು ಎಲ್ಲ ಬಂದು ಹೋಗುತ್ತಿದ್ದರು. ಅವುಗಳನ್ನು ಹೆಂಡತಿಯ ಮುಂದೆ ಓದಿ ಅಭ್ಯಾಸವೂ ಆಗಿತ್ತು. ಏಳನೆಯದನ್ನು ಮಾತ್ರ ಅವನು ಯಾರಿಗೂ ತೋರಿಸಿರಲಿಲ್ಲ. ಅದು ಅಕ್ಕನಿಗೆ.

ಒಬ್ಬರ ಫೀಸಿಗೆ ಮಾತ್ರ ದುಡ್ಡಿದ್ದ ಮನೆ ಅವರದು. ಲೆಕ್ಕದಲ್ಲಿ ಹುಲಿಯಾಗಿದ್ದ ಅಕ್ಕ ಎಂಟನೆಯ ತರಗತಿಗೇ ಶಾಲೆ ಬಿಟ್ಟು ಹೊಲಿಗೆ ಮಿಷನ್ ಮುಂದೆ ಕೂತಳು, ಇಲಿಯಂಥ ತಮ್ಮ ಓದಿದ. ಆಮೇಲೆ ಅಕ್ಕ ಬಟ್ಟೆ ಹೊಲಿಯುತ್ತಲೇ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಟೀಚರಾದಳು; ಅದು ಅವಳ ಹಟದ ಕತೆ, ಅದರಲ್ಲಿ ಇವನ ಪಾಲು ಏನೂ ಇಲ್ಲ. ಸಭೆಯ ನಡುವೆ ಕರೆಂಟು ಹೋಗಲಿಲ್ಲವೆಂದು ವಿದ್ಯುತ್ ಇಲಾಖೆಗೂ ವಂದನೆ ಸಲ್ಲಿಸಿದ್ದ ಈ ಮಹಾನುಭಾವ ಅಕ್ಕನಿಗೆ ಮಾತ್ರ ಇಷ್ಟು ವರ್ಷಗಳಲ್ಲಿ ಒಂದು ಮಾತು ಹೇಳಿರಲಿಲ್ಲ. ಎದುರಿಗೆ ಕೂತು ಅಂಥದ್ದನ್ನು ಹೇಳಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ; ಮಧ್ಯೆ ಒಂದು ಮೈಕು ಬೇಕಿತ್ತು. ಈ ಸಲ ಹೇಳಿಯೇ ತೀರಬೇಕೆಂದು ಬರೆದ. ಆದರೆ ಒಳ್ಳೆಯದನ್ನು ಕೊನೆಗೇ ಇಡಬೇಕೆಂಬ ತನ್ನ ಹಳೆಯ ಸಿದ್ಧಾಂತಕ್ಕೆ ಕಟ್ಟುಬಿದ್ದು ಅದನ್ನು ಎಲ್ಲಕ್ಕಿಂತ ಕೆಳಗಿಟ್ಟ. ಆ ಕೊನೆಯ ತನಕ ಯಾರೂ ಕೂತಿರುವುದಿಲ್ಲ ಎಂಬುದು ಸಿದ್ಧಾಂತದಲ್ಲಿ ಸೇರಿರಲಿಲ್ಲ.

ಆದರೆ ಆ ಸಂಜೆ ಎಲ್ಲರೂ ಕೂತಿದ್ದರು. ಟೀ ಬಿಸ್ಕತ್ತನ್ನು ಅಕ್ಕ ವಂದನಾರ್ಪಣೆಯ ನಂತರಕ್ಕೆ ಇಟ್ಟಿದ್ದಳು. ಅಲ್ಲಿಯ ತನಕ ಬಂದ ಹಣವೆಷ್ಟೆಂದು ಅವಳೇ ಮೈಕಿನಲ್ಲಿ ಹೇಳಿದಳು. ಬಾಡಿಗೆಯ ಅರ್ಧ ದಾಟಿತ್ತು, ಅಷ್ಟೇ. ಸಭೆ ಅಯ್ಯೋ ಪಾಪ ಎಂದಿತು, ಕೈ ಮಾತ್ರ ಜೇಬಿಗೆ ಹೋಗಲಿಲ್ಲ.

ಪ್ರೂಫ್ ರೀಡರ್ ಎದ್ದ. ತುಂಬಿದ ಸಭೆ! ಗಂಟಲು ಸರಿಮಾಡಿಕೊಂಡು ಮೊದಲ ಹಾಳೆ ಓದಿದ. ಅದನ್ನು ಮಗುಚಿ ಎರಡನೆಯದಕ್ಕೆ ಬರುವಾಗ ಮುಂದಿನ ಸಾಲಿನಲ್ಲಿದ್ದ ಹಲ್ಲಿನ ಡಾಕ್ಟರ ಕಣ್ಣು ಹಾಳೆಗಳ ದಪ್ಪದ ಮೇಲೆ ಬಿತ್ತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

"ಲೋ, ಇನ್ನೂ ಎಷ್ಟಿದೆಯೋ?"

"ಆರು" ಎಂದ ಇವನು, ಪ್ರಾಮಾಣಿಕವಾಗಿ.

ಹಲ್ಲು ಕೀಳಿಸಿಕೊಳ್ಳುವಾಗ ಬರುವಂಥ ನರಳಾಟವೊಂದು ಸಭೆಯಿಂದ ಹೊರಟಿತು. ಡಾಕ್ಟರು ಎದ್ದು ನಿಂತರು. "ಎರಡನೇ ಹಾಳೆ ಬಿಟ್ಬಿಡು, ಐನೂರು ಕೊಡ್ತೀನಿ!"

ನಗೆ ಛಾವಣಿಗೆ ಬಡಿಯಿತು. ಪ್ರೂಫ್ ರೀಡರನ ಕಿವಿ ತನ್ನ ಪೆನ್ನಿನ ಬಣ್ಣಕ್ಕೆ ತಿರುಗಿತು. ನೆರವಿಗಾಗಿ ಅಕ್ಕನತ್ತ ನೋಡಿದ. ಅಕ್ಕ ನಗುತ್ತಿರಲಿಲ್ಲ. ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು; ಮನಸ್ಸಿನಲ್ಲೇ ಲೆಕ್ಕ ಹಾಕುವಾಗಿನ ಅವಳ ರೀತಿ ಅದು. ಅವಳು ಮೈಕನ್ನು ತನ್ನತ್ತ ತಿರುಗಿಸಿಕೊಂಡಳು.

"ಸಾವಿರ ಮಾಡಿ ಡಾಕ್ಟ್ರೇ. ಎರಡೂ ಮಗ್ಗುಲಿಗೆ ಬರೆದಿದ್ದಾನೆ."

ಡಾಕ್ಟರು ಸಾವಿರ ಮಾಡಿದರು. ಹಿಂದೆ ಕೂತಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಪ್ರೂಫ್ ರೀಡರ್ ಎರಡನೆಯ ಹಾಳೆಯನ್ನು ಮೇಜಿನ ಮೇಲೆ ಕವುಚಿಟ್ಟ. ಮೈಯೆಲ್ಲ ಉರಿದರೂ, ಅದೇ ಗಳಿಗೆಯಲ್ಲಿ ಒಂದು ವಿಚಿತ್ರ ಜ್ಞಾನೋದಯವೂ ಆಯಿತು: ಇಷ್ಟು ವರ್ಷ ತಾನು ಪುಕ್ಕಟೆಯಾಗಿ ಹಂಚುತ್ತಿದ್ದ ಸರಕಿಗೆ ಬೆಲೆ ಇದೆ. ಆದರೆ ಹಂಚಬಾರದು, ಅಷ್ಟೇ.

"ಮೂರನೇದರಲ್ಲಿ ನನ್ನದೊಂದು ಕವಿತೆಯೂ ಇದೆ" ಎಂದ ಮೈಕಿನಲ್ಲಿ.

ಮೂರನೆಯ ಹಾಳೆ ಮೂರು ಸಾವಿರಕ್ಕೆ ಹೋಯಿತು.

"ನಾಲ್ಕನೇದು ನನಗಿರಲಿ" ಎಂದು ಅವನ ಹೆಂಡತಿಯೇ ಕೈ ಎತ್ತಿದಳು. "ಈಗಾಗಲೇ ಎರಡು ಸಲ ಕೇಳಿದ್ದೀನಿ, ಮೂರನೇ ಸಲ ಆಗಲ್ಲ." ಅದಕ್ಕೆ ಬಿದ್ದ ಚಪ್ಪಾಳೆಯಲ್ಲಿ ಊರಿನ ಗೃಹಿಣಿಯರೆಲ್ಲರ ಸಹಾನುಭೂತಿ ಇತ್ತು. ಐದನೆಯದನ್ನು ಅತಿಥಿಗಳು ಕೊಂಡರು. ಆರನೆಯದನ್ನು ಇಡೀ ಹಿಂದಿನ ಸಾಲು ಪಾಲು ಹಾಕಿಕೊಂಡು ಕೊಂಡಿತು.

ಉಳಿದದ್ದು ಒಂದು.

ಸಿಮೆಂಟ್ ಅಂಗಡಿಯ ಯಜಮಾನರು ಅಲ್ಲಿಯ ತನಕ ಉಸಿರೆತ್ತಿರಲಿಲ್ಲ. ವ್ಯಾಪಾರ ಬಲ್ಲವರು. ಈಗ ಕೂತಲ್ಲಿಂದಲೇ ಕೇಳಿದರು. "ಟೀಚರ್, ಇನ್ನೆಷ್ಟು ಕಡಿಮೆ ಬಿದ್ದಿದೆ?"

ಅಕ್ಕ ಹೇಳಿದಳು. ಅದು ಸಣ್ಣ ಮೊತ್ತವಾಗಿರಲಿಲ್ಲ.

"ಅಷ್ಟೂ ನಂದು. ಕೊನೇ ಹಾಳೆ ನನಗೆ. ಆದರೆ ಒಂದು ಷರತ್ತು, ಹಾಳೆ ನನ್ನ ಕೈಗೆ ಬರಬೇಕು. ಇಲ್ಲಿ ಬಿಟ್ಟು, ಆಮೇಲೆ ಟೀ ಕುಡಿಯೋವಾಗ ಅಡ್ಡ ಹಾಕಿ ಓದಿಬಿಟ್ರೆ ನನ್ನ ದುಡ್ಡಿನ ಗತಿ ಏನು?"

ಸಭೆ ಹೋ ಎಂದಿತು. ಪ್ರೂಫ್ ರೀಡರ್ ಹಾಳೆಯನ್ನು ಎದೆಗೆ ಒತ್ತಿಕೊಂಡ.

"ಇದೊಂದು ಬಿಟ್ಟು..." ಎಂದ.

"ನೋಡ್ರಪ್ಪಾ, ರೇಟು ಏರಿಸ್ತಿದ್ದಾನೆ!" ಎಂದರು ಡಾಕ್ಟರು.

ಮೊದಲೇ ಇದನ್ನು ಮೇಲಿಟ್ಟಿದ್ದರೆ ಇಷ್ಟು ಹೊತ್ತಿಗೆ ಓದಿ ಆಗಿರುತ್ತಿತ್ತು. ನಡುವೆ ಯಾವಾಗಲಾದರೂ ಎಳೆದು ಮುಂದಕ್ಕೆ ಹಾಕಿಕೊಳ್ಳಬಹುದಿತ್ತು. ಪುಟಸಂಖ್ಯೆ ಹಿಂದೆಮುಂದಾದರೆ ಅನ್ನ ಸೇರದ ವೃತ್ತಿಯವನಿಗೆ ಅದು ಹೊಳೆದೇ ಇರಲಿಲ್ಲ.

ಅಕ್ಕ ಅವನ ಹತ್ತಿರ ಬಂದಳು. ಮೈಕಿಗೆ ಕೈ ಅಡ್ಡ ಹಿಡಿದು, "ಏ, ಕೊಡೋ. ಏನಿದೆ ಅದರಲ್ಲಿ ಅಂಥದ್ದು?" ಎಂದಳು. ಅವಳ ಕಣ್ಣಿನಲ್ಲಿ ಆಗಲೇ ಕೋಣೆ ಉಳಿದಿತ್ತು, ಮಕ್ಕಳು ಮಗ್ಗಿ ಹೇಳುತ್ತಿದ್ದರು.

ಅವನು ಒಂದು ಕ್ಷಣ ಅವಳನ್ನು ನೋಡಿದ. "ಏನಿಲ್ಲ ಬಿಡು. ಕುರ್ಚಿಯವರ ವಿಳಾಸ."

ವೇದಿಕೆಯಿಂದ ಇಳಿದು ಹೋಗಿ ಹಾಳೆಯನ್ನು ಯಜಮಾನರ ಕೈಗಿತ್ತ. ಮೆಲ್ಲಗೆ, "ದಯವಿಟ್ಟು ಓದಬೇಡಿ" ಎಂದ.

"ಓದೋದಕ್ಕಾ ಇಷ್ಟು ದುಡ್ಡು ಕೊಟ್ಟಿದ್ದು?" ಎಂದು ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದರು.

ಮತ್ತೆ ಮೈಕಿನ ಮುಂದೆ ನಿಂತಾಗ ಕೈ ಖಾಲಿ. "ಎಲ್ಲರಿಗೂ ವಂದನೆಗಳು" ಎಂದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಜೀವಮಾನದಲ್ಲಿ ಅವನಿಗೆ ಬಿದ್ದ ಅತಿ ದೊಡ್ಡ ಚಪ್ಪಾಳೆ, ಅದೂ ಆಡದ ಮಾತಿಗೆ. ಹೆಮ್ಮೆಪಡಬೇಕೋ ಬೇಡವೋ ಎಂದು ತೀರ್ಮಾನಿಸುವಷ್ಟರಲ್ಲಿ ಜನ ಟೀಯತ್ತ ನುಗ್ಗಿದ್ದರು.

ಎಲ್ಲ ಮುಗಿದ ಮೇಲೆ ನಾಟಕಕ್ಕೆಂದು ತಂದಿದ್ದ ಶಾಲೆಯ ಬೆಂಚನ್ನು ಅಕ್ಕ ತಮ್ಮ ಇಬ್ಬರೂ ಹೊತ್ತುಕೊಂಡು ಹೊರಟರು. ಸೈಕಲ್ ಅಂಗಡಿಯ ಬಾಗಿಲು ಹಾಕಿತ್ತು. ಮೆಟ್ಟಿಲ ಬುಡದಲ್ಲಿ ಬೆಂಚು ಇಳಿಸಿ ಸುಧಾರಿಸಿಕೊಳ್ಳುವಾಗ ಅವನು ಏಳನೆಯ ಹಾಳೆಯನ್ನು ನೆನಪಿಸಿಕೊಳ್ಳಲು ನೋಡಿದ. 'ತ್ಯಾಗದ ಹಣತೆಯಲ್ಲಿ ತನ್ನನ್ನೇ ಬತ್ತಿಯಾಗಿಸಿ' ಎಂದೇನೋ ಶುರುವಾಗುತ್ತಿತ್ತು. ಬೇರೆ ಯಾರಾದರೂ ಹಾಗೆ ಬರೆದಿದ್ದರೆ ಪೆನ್ನು ತಾನಾಗಿಯೇ ಗೀಟು ಎಳೆಯುತ್ತಿತ್ತು. ಮನಸ್ಸಿನಲ್ಲೇ ಎಳೆದ. ಮುಂದಿನ ಸಾಲೂ ಹೋಯಿತು. ಅದರ ಮುಂದಿನದೂ. ಗೀಟು ಎಳೆಯುತ್ತ ಹೋದಂತೆ ಹಾಳೆಯಲ್ಲಿ ಸ್ವಲ್ಪವೇ ಉಳಿಯಿತು.

"ಅಕ್ಕಾ" ಎಂದ. "ಆ ಫೀಸಲ್ಲಿ ನೀನು ಓದಬೇಕಿತ್ತು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದವಳು ಹಾಗೆಯೇ ನಿಂತಳು. ಮುಖ ಸೆರಗಿನಲ್ಲೇ ಇತ್ತು.

"ಹೂಂ. ಓದಬೇಕಿತ್ತು" ಎಂದಳು. "ನೀನು ಲೆಕ್ಕದಲ್ಲಿ ನೂರಕ್ಕೆ ಹದಿನೆಂಟು ತಗೊಂಡು ಬಂದೆಯಲ್ಲ, ಅವತ್ತು ನಿನ್ನ ಬಾವಿಗೆ ತಳ್ಳೋಣ ಅನ್ನಿಸಿತ್ತು."

"ತಳ್ಳಬೇಕಿತ್ತು."

"ಬಾವಿ ದೂರ ಇತ್ತು. ನಂಗೆ ಹೊಲಿಯೋದಕ್ಕೆ ಬೇರೆ ತುಂಬಾ ಇತ್ತು." ಸೆರಗು ಇಳಿಸಿ ಅವನನ್ನು ನೋಡಿದಳು. "ಇನ್ನೇನಾದ್ರೂ ಇದೆಯಾ ಹೇಳೋದು?"

ಅವನು ಹುಡುಕಿ ನೋಡಿದ. ಅವನಿಗೇ ಆಶ್ಚರ್ಯವಾಯಿತು.

"ಇಲ್ಲ ಅಕ್ಕ. ಅಷ್ಟೇ."

"ಹಾಗಾದ್ರೆ ಕೆಳಗಿನ ತುದಿ ನೀನು ಹಿಡಿ. ಮೆಟ್ಟಿಲು ಹತ್ತೋವಾಗ ಭಾರ ಎಲ್ಲ ಆ ಕಡೆಗೇ."

ಅವನು ಕೆಳಗಿನ ತುದಿ ಹಿಡಿದ. ನಿಜಕ್ಕೂ ಭಾರವಾಗಿತ್ತು. ಆದರೆ ಮೇಲೆ ತಲುಪುವ ತನಕ ಅವನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.