ಸರಿಮಧ್ಯದ ನಾಲ್ಕು ಸೀಟು

ಎಮಿಲ್ ಸುಲಾಕ್‌ಗೆ ಲಕ್ವ ಹೊಡೆದ ಮೇಲೆ ಅವನ ಮನೆಗೆ ಬಂದು ಹೋಗುವವರು ಹೆಚ್ಚಾದರು. ಟೋಬಿನ್ ಊರಿಗೆ ಮುದುಕನ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕಿತೆಂದಲ್ಲ. ಬಂದವರು ಕೈಯಲ್ಲಿ ತಿಂಡಿಯ ಪಾತ್ರೆ ಹಿಡಿದು ಬರುತ್ತಿದ್ದರು. ಹಾಸಿಗೆಯ ಪಕ್ಕ ನಿಂತು ಮೊದಲು ಎಮಿಲ್‌ನ ಎದೆ ನೋಡುತ್ತಿದ್ದರು, ಏಳುತ್ತಿದೆಯೋ ಇಳಿಯುತ್ತಿದೆಯೋ ಎಂದು. ಮುಖ ನೋಡುತ್ತಿದ್ದದ್ದು ಆಮೇಲೆ.

ಪಕ್ಕದ ಮನೆಯ ನೆಲ್ಡಾ ಕ್ರೆನೆಕ್ ಅಂತೂ ವಾರಕ್ಕೆ ಮೂರು ಸಲ ಬರುತ್ತಿದ್ದಳು. ಬಂದಾಗಲೆಲ್ಲ ಎಮಿಲ್‌ನ ಮಗಳು ಲನೆಟ್‌ಳನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿ ವಿಚಾರಿಸುತ್ತಿದ್ದಳು.

"ಉಸಿರಾಟ ಸ್ವಲ್ಪ ಭಾರ ಅನ್ಸುತ್ತಲ್ವೇನೇ?"

"ಹಾಗೇನಿಲ್ಲ ನೆಲ್ಡಾ."

"ರಾತ್ರಿ ಹೊತ್ತು?"

"ರಾತ್ರಿನೂ ಚೆನ್ನಾಗೇ ಉಸಿರಾಡ್ತಾರೆ."

"ದೇವರು ದೊಡ್ಡವನು ಬಿಡು," ಎನ್ನುವಾಗ ನೆಲ್ಡಾಳ ಮುಖ ಸಣ್ಣದಾಗುತ್ತಿತ್ತು.

ವಿಷಯ ಸೀಟಿನದು. ಹೈಸ್ಕೂಲಿನ ಹಳೆಯ ಅಮೆರಿಕನ್ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಮೈದಾನದ ಸರಿಮಧ್ಯದ ಗೆರೆಗೆ ನೇರವಾಗಿ, ತೀರ ಕೆಳಗೂ ಅಲ್ಲದ ತೀರ ಮೇಲೂ ಅಲ್ಲದ ಸಾಲಿನಲ್ಲಿ, ಎಮಿಲ್‌ಗೆ ನಾಲ್ಕು ಸೀಟುಗಳಿದ್ದವು. ಮದುವೆಯಾದ ವರ್ಷ ಹಿಡಿದದ್ದು. ಟೋಬಿನ್‌ನಲ್ಲಿ ಇಂಥ ಸೀಟನ್ನು ಯಾರೂ ಬಿಟ್ಟುಕೊಡುವುದಿಲ್ಲ. ಹೊಲ ಮಾರುತ್ತಾರೆ, ಹಸು ಮಾರುತ್ತಾರೆ, ಸೀಟನ್ನು ಮಾತ್ರ ಉಯಿಲಿನಲ್ಲಿ ಬರೆದು ಸಾಯುತ್ತಾರೆ. ಒಬ್ಬ ಗಂಡ ಹೆಂಡತಿ ವಿಚ್ಛೇದನ ಪಡೆಯುವಾಗ ಮಕ್ಕಳನ್ನು ಒಂದೇ ಮಧ್ಯಾಹ್ನದಲ್ಲಿ ಹಂಚಿಕೊಂಡು, ಎರಡು ಸೀಟಿಗಾಗಿ ವರ್ಷವಿಡೀ ಕೋರ್ಟಿಗೆ ಅಲೆದಿದ್ದರು. ಅದರಲ್ಲಿ ನಗುವಂಥದ್ದೇನೂ ಊರಿನವರಿಗೆ ಕಂಡಿರಲಿಲ್ಲ.

ಈಗ ಊರು ಹೊಸ ಸ್ಟೇಡಿಯಂ ಕಟ್ಟಿಸಿತ್ತು. ಒಂಬತ್ತು ಕೋಟಿ ಡಾಲರ್. ಮನೆ ತೆರಿಗೆ ಏರಿಸಿ ತೀರಿಸುತ್ತೇವೆಂದು ಮತ ಹಾಕಿ ತಂದ ಸಾಲ. ಹಿಂದೆ ಒರಗಿ ಕೂರುವ ಕುರ್ಚಿ, ಕುರ್ಚಿಗೊಂದು ಲೋಟ ಇಡುವ ಗುಂಡಿ, ಚರ್ಚಿನ ಗೋಪುರಕ್ಕಿಂತ ಎತ್ತರದ ಪರದೆ. ಹಳಬರಿಗೆ ಹಿರಿತನದ ಪ್ರಕಾರ ಮೊದಲ ಆಯ್ಕೆ ಎಂದು ಸ್ಕೂಲ್ ಬೋರ್ಡು ನಿಯಮ ಮಾಡಿತ್ತು. ಆದರೆ ಆಗಸ್ಟ್ ತಿಂಗಳ ಮೊದಲ ಶನಿವಾರ, ಅದೊಂದೇ ದಿನ, ಸೀಟಿನ ಒಡೆಯ ಸ್ವತಃ ಬಂದು ಆರಿಸಿ ಸಹಿ ಮಾಡಬೇಕು. ಮಗ ಬಂದರೆ ನಡೆಯುವುದಿಲ್ಲ, ಉಯಿಲು ನಡೆಯುವುದಿಲ್ಲ. ಅಷ್ಟರೊಳಗೆ ಒಡೆಯ ಸತ್ತರೆ, ಇಲ್ಲವೇ ಆ ದಿನ ಸಹಿ ಬೀಳದಿದ್ದರೆ, ಸೀಟು ಕಾಯುತ್ತಿರುವವರ ಪಾಲು. ಕಾಯುವವರಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ನೆಲ್ಡಾಳ ಮಗ.

ಲನೆಟ್ ಊರಿನ ಚಿಕ್ಕಮಕ್ಕಳ ಶಾಲೆಯಲ್ಲಿ ನರ್ಸ್ ಆಗಿದ್ದವಳು. ಮದುವೆ ಮುರಿದು ಬಂದ ವರ್ಷ ಸೇರಿದ ಕೆಲಸ. ಯಾವ ಮಗುವಿಗೆ ದಮ್ಮು, ಯಾವುದಕ್ಕೆ ಕಡಲೆಕಾಯಿ ಆಗುವುದಿಲ್ಲ, ಯಾವುದು ಮನೆಯಲ್ಲಿ ಹೊಡೆತ ತಿಂದು ಬಂದು ಹೊಟ್ಟೆನೋವು ಎನ್ನುತ್ತದೆ, ಎಲ್ಲ ಅವಳಿಗೆ ಗೊತ್ತಿತ್ತು. ಸ್ಟೇಡಿಯಮ್ಮಿಗೆ ಮತ ಬಿದ್ದ ಮರುವಸಂತದಲ್ಲಿ ಬೋರ್ಡಿನವರು ಅವಳ ಕೆಲಸ ತೆಗೆದರು. ಕಟ್ಟಡದ ದುಡ್ಡಿನ ಜೇಬು ಬೇರೆ, ಸಂಬಳದ ಜೇಬು ಬೇರೆ, ಸಂಬಳದ ಜೇಬು ತೂತಾಗಿದೆ ಎಂದು ಸಭೆಯಲ್ಲಿ ವಿವರಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಮಾತು ಆ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದರೂ ಮಲ್ಲಿಗೆಯ ಪರವಾಗಿಯೇ ಕೈ ಎತ್ತುತ್ತಿದ್ದರು.

ಆ ಸಭೆಯಲ್ಲಿ ಎಮಿಲ್ ಎದ್ದು ನಿಂತಿದ್ದ. ಮಗಳ ಪರವಾಗಿ ಒಂದು ಮಾತಾಡುತ್ತಾನೆಂದು ಲನೆಟ್ ಮೈ ನೆಟ್ಟಗೆ ಮಾಡಿ ಕುಳಿತಳು.

"ಬ್ಯಾಂಡೇಜ್ ಅಂಟಿಸೋಕೆ ಒಬ್ಬಳಿಗೆ ಸಂಬಳ ಯಾಕ್ರಯ್ಯಾ?" ಎಂದ ಎಮಿಲ್. "ನಮ್ಮ ಕಾಲ್ದಲ್ಲಿ ಉಗುಳು ಹಚ್ಚಿ ಆಟಕ್ಕೆ ವಾಪಸ್ ಕಳಿಸ್ತಿದ್ರು."

ಸಭೆ ನಕ್ಕಿತು. ಎಲ್ಲರೂ ತನ್ನ ಕಡೆ ತಿರುಗಿದ್ದರಿಂದ ಲನೆಟ್ ಕೂಡ ನಕ್ಕಳು.

ಜೂನ್‌ನಲ್ಲಿ ಅವನು ಬಚ್ಚಲಲ್ಲಿ ಬಿದ್ದ. ಬಲಗೈ, ಬಲಗಾಲು ಹೋದವು. ನಾಲಿಗೆ ಅರ್ಧ ಉಳಿಯಿತು, ಅದೂ ಬೈಯಲು ಸಾಕಾಗುವಷ್ಟು. ಕೆಲಸವಿಲ್ಲದ ಮಗಳು ಬಾಡಿಗೆ ಮನೆ ಬಿಟ್ಟು ಅಪ್ಪನ ಮನೆಗೆ ಬಂದಳು. ಒರೆಸಿದಳು, ತಿರುಗಿಸಿ ಮಲಗಿಸಿದಳು, ಚಮಚದಲ್ಲಿ ತಿನ್ನಿಸಿದಳು. ಗೋಡೆಯ ಮೇಲೆ ಅವಳ ತಮ್ಮ ರಾಯ್ಸ್‌ನ ಫೋಟೋ ಇತ್ತು. ನೇರಳೆ ಬಣ್ಣದ ಅಂಗಿ, ಕಂಕುಳಲ್ಲಿ ಹೆಲ್ಮೆಟ್, ಊರಿನ ತಂಡ 'ಗೂಳಿಗಳು' ರಾಜ್ಯದ ಕೊನೆಯ ಸುತ್ತಿಗೆ ಹೋದ ವರ್ಷದ್ದು. ತಿನ್ನುವಾಗ ಎಮಿಲ್ ಆ ಫೋಟೋವನ್ನೇ ನೋಡುತ್ತಿದ್ದ. ಚಮಚ ಹಿಡಿದವಳ ಮುಖ ಅಡ್ಡ ಬಂದರೆ ಎಡಗೈಯಿಂದ ಪಕ್ಕಕ್ಕೆ ಸರಿಸುತ್ತಿದ್ದ.

ರಾಯ್ಸ್ ಇದ್ದದ್ದು ಡಲ್ಲಾಸ್ ಕಡೆ, ಪಿಕಪ್ ಟ್ರಕ್ ಮಾರುವ ಕೆಲಸ. ಲಕ್ವ ಹೊಡೆದಾಗ ಹೂವು ಕಳಿಸಿ ಸುಮ್ಮನಾಗಿದ್ದವನು ಆಗಸ್ಟ್ ಹತ್ತಿರ ಬಂದಂತೆ ದಿನಾ ಬೆಳಿಗ್ಗೆ ಫೋನ್ ಮಾಡತೊಡಗಿದ.

"ಇದಾರಾ?"

"ಇದಾರೆ."

"ಶನಿವಾರದವರೆಗೂ ಇರ್ತಾರೆ ತಾನೆ?"

"ಅದೇನು ಹಾಲಿನ ಪ್ಯಾಕೆಟ್ಟೇನೋ, ಮೇಲೆ ತಾರೀಕು ಹೊಡೆದಿರೋಕೆ?"

"ನೀನು ನರ್ಸ್ ಅಲ್ವೇನೇ, ಅದಕ್ಕೆ ಕೇಳ್ದೆ. ನೋಡು ಲನೆಟ್, ನನ್ನ ಮಕ್ಕಳಿಗೆ ಅಜ್ಜನ ಸೀಟು ಅಂತ ಒಂದು ಇರ್ಬೇಕಪ್ಪ. ನೀನು ಆಟ ನೋಡೋಳಲ್ಲ, ನಿಂಗೆ ಅರ್ಥ ಆಗಲ್ಲ."

ಅವಳು ಆಟ ನೋಡುವವಳಲ್ಲ ಎಂದು ಯಾರು ತೀರ್ಮಾನಿಸಿದ್ದರೋ. ಚಿಕ್ಕವಳಿದ್ದಾಗ ಅಮ್ಮ ತಲೆನೋವೆಂದು ಮನೆಯಲ್ಲಿ ಉಳಿದಾಗ, ಶುಕ್ರವಾರದ ಆಟಕ್ಕೆ ಅಮ್ಮನ ಸೀಟಿನಲ್ಲಿ ಅವಳೇ ಕೂರುತ್ತಿದ್ದಳು. ಆಮೇಲೆ ಅಲ್ಲಿ ಎಮಿಲ್‌ನ ಗೆಳೆಯರು ಕೂರತೊಡಗಿದರು.

ಆ ಶನಿವಾರ ಬೆಳಿಗ್ಗೆಯೇ ಬಿಸಿಲು ಬಾಣಲೆಯ ಹಾಗೆ ಕಾದಿತ್ತು. ರಾಯ್ಸ್ ಹಿಂದಿನ ಸಂಜೆಯೇ ಬಂದಿದ್ದ. ಅಪ್ಪನಿಗೆ ನೇರಳೆ ಅಂಗಿ ತೊಡಿಸಿ, ಗಡ್ಡ ಕೆರೆದು, ಯಾವುದಕ್ಕೂ ಇರಲಿ ಎಂದು ಗಾಲಿಕುರ್ಚಿಗೆ ಆಮ್ಲಜನಕದ ಸಿಲಿಂಡರ್ ಕಟ್ಟಿ, ಲನೆಟ್ ಹೊಸ ಸ್ಟೇಡಿಯಮ್ಮಿನ ಇಳಿಜಾರಿನಲ್ಲಿ ತಳ್ಳಿಕೊಂಡು ಹೋದಳು. ರಾಯ್ಸ್ ಮುಂದೆ ಮುಂದೆ ನಡೆದು, ಕಂಡವರ ಬೆನ್ನು ತಟ್ಟಿ ಮಾತಾಡಿಸುತ್ತಿದ್ದ.

ನೆರಳು ಎಲ್ಲೂ ಇರಲಿಲ್ಲ. ಮೊದಲು ಬ್ಯಾಂಡ್ ಬಾರಿಸಿತು. ಪಾದ್ರಿ ಪ್ರಾರ್ಥನೆ ಮಾಡಿದರು. ಕಟ್ಟಿದ ಕಂಪನಿಯವನು ಮಾತಾಡಿದ. ಶಾಲೆಯ ಕ್ರೀಡಾ ವಿಭಾಗದ ಮುಖ್ಯಸ್ಥ ಹಾಲಿಸ್ ಮೈಕು ಹಿಡಿದವನು ಬಿಡಲೇ ಇಲ್ಲ. ಎದುರು ಬದಿಯ ಸಾಲುಗಳಲ್ಲಿ ಸೀಟಿಗಾಗಿ ಕಾಯುವವರು ಕುಳಿತಿದ್ದರು. ಅವರಲ್ಲಿ ಕೆಲವರು ದುರ್ಬೀನು ತಂದಿದ್ದರು. ಖಾಲಿ ಮೈದಾನ ನೋಡಲು ದುರ್ಬೀನು ಯಾಕೆಂದು ಲನೆಟ್‌ಗೆ ಮೊದಲು ಹೊಳೆಯಲಿಲ್ಲ. ನೆಲ್ಡಾಳ ದುರ್ಬೀನು ನೇರ ತನ್ನಪ್ಪನ ಮೇಲೆ ನಿಂತದ್ದು ಕಂಡಾಗ ಹೊಳೆಯಿತು. ಅವಳು ಕೈ ಬೀಸಿದಳು. ನೆಲ್ಡಾಳೂ ಬೀಸಿದಳು.

ಭಾಷಣ ಮುಗಿಯುವ ಹೊತ್ತಿಗೆ ಎಮಿಲ್‌ನ ಬೆವರು ನಿಂತುಹೋಗಿತ್ತು. ಅಂಥ ಬಿಸಿಲಿನಲ್ಲಿ ಬೆವರು ನಿಲ್ಲುವುದು ಒಳ್ಳೆಯದಲ್ಲ. ಲನೆಟ್ ಮಣಿಕಟ್ಟು ಹಿಡಿದು ನೋಡಿದಳು. ನಾಡಿ ಎಡವುತ್ತಿತ್ತು. ಉಗುರು ನೀಲಿಗೆ ತಿರುಗುತ್ತಿತ್ತು.

"ರಾಯ್ಸ್, ಇವರನ್ನ ಕರ್ಕೊಂಡು ಹೋಗ್ಬೇಕು."

"ಇನ್ನಿಬ್ಬರೇ ಕಣೇ ಮುಂದಿರೋದು!"

"ಅಪ್ಪಾ, ಹೋಗೋಣ್ವಾ? ಎದೆ ಹಿಡಿದ ಹಾಗಾಗ್ತಿದೆಯಾ?"

"ಬಾಯ್ಮುಚ್ಚೇ," ಎಂದ ಎಮಿಲ್. ಅರ್ಧ ನಾಲಿಗೆಯಲ್ಲೂ ಅದು ಸ್ಪಷ್ಟವಾಗಿ ಬಂತು.

ಅವಳು ಬಾಯಿ ಮುಚ್ಚಿದಳು. ಅವನ ಜೀವ, ಅವನ ಇಷ್ಟ. ಬಾಟಲಿ ನೀರಲ್ಲಿ ಕರವಸ್ತ್ರ ಅದ್ದಿ ಕತ್ತಿನ ಹಿಂದೆ ಇಟ್ಟಳು. ಇಬ್ಬರ ಸರದಿ ಮುಗಿಯಿತು. ಹಾಲಿಸ್ ಮೈಕಿನಲ್ಲಿ "ಮಿಸ್ಟರ್ ಎಮಿಲ್ ಸುಲಾಕ್!" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಎಮಿಲ್ ಎಡಗೈ ಎತ್ತಿ ಸರಿಮಧ್ಯದ ಗೆರೆಯ ನೇರಕ್ಕೆ ಬೆರಳು ತೋರಿಸಿದ. ಮೇಜಿನ ಹಿಂದೆ ಕೂತಿದ್ದ ಶಾಲೆಯ ಹುಡುಗಿ ನಕ್ಕು, "ಗೊತ್ತಿತ್ತು ಬಿಡಿ ಅಂಕಲ್," ಎಂದಳು. "ನಾಲ್ಕಕ್ಕೂ ಯಾರ್ಯಾರ ಹೆಸರು ಬರೀಲಿ?"

"ರಾಯ್ಸ್," ಎಂದ ಎಮಿಲ್. ಉಸಿರು ಎಳೆದುಕೊಂಡ. "ಅವನ ಹೆಂಡ್ತಿ. ಇಬ್ಬರು ಹುಡುಗರು."

"ಮತ್ತೆ ನಿಮಗೆ?"

"ನಂದು ನಾನೇ ತಂದಿದೀನಲ್ಲಮ್ಮ," ಎಂದು ಗಾಲಿಕುರ್ಚಿಯ ಕೈ ತಟ್ಟಿದ. ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಮುದುಕನ ಗತ್ತು ಇನ್ನೂ ಹೋಗಿಲ್ಲ ಎಂದರು ಯಾರೋ.

ಹುಡುಗಿ ಮರ್ಯಾದೆಗೆಂದು ಕೇಳಿದಳು. "ಲನೆಟ್ ಮೇಡಂ ಬರಲ್ವಾ ಆಟಕ್ಕೆ?" ಚಿಕ್ಕಂದಿನಲ್ಲಿ ದಮ್ಮು ಹಿಡಿದಾಗ ಲನೆಟ್‌ಳ ಮಡಿಲಲ್ಲಿ ಕೂತು ಉಸಿರು ಹಿಂದಕ್ಕೆ ತಂದುಕೊಂಡಿದ್ದ ಹುಡುಗಿ ಅದು.

"ಅವಳಾ?" ಎಂದ ಎಮಿಲ್. "ಅವಳು ತಳ್ಳೋಳು."

ಇನ್ನೊಮ್ಮೆ ನಗು. ಹುಡುಗಿ ಕಾಗದ ಮುಂದಿಟ್ಟು ಅವನ ಎಡಗೈಗೆ ಪೆನ್ನು ಕೊಟ್ಟಳು. ಪೆನ್ನಿನ ತುದಿ ಕಾಗದವನ್ನು ಹುಡುಕಿತು.

ಲನೆಟ್ ಗಾಲಿಕುರ್ಚಿಯನ್ನು ಹಿಂದಕ್ಕೆ ಎಳೆದು ಗರಕ್ಕನೆ ತಿರುಗಿಸಿದಳು.

"ಇವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಈಗಲೇ."

"ಏ! ಏ ಲನೆಟ್!" ರಾಯ್ಸ್ ಕುರ್ಚಿಯ ಮುಂದೆ ಬಂದು ನಿಂತ. "ಒಂದು ಸಹಿ ಕಣೇ! ಎರಡು ಸೆಕೆಂಡು!"

"ಉಗುರು ನೋಡೋ. ತುಟಿ ನೋಡು. ಸಾಯ್ತಿದಾರೆ."

"ಎರಡು ಸೆಕೆಂಡಲ್ಲಿ ಸಾಯ್ತಾರೇನೇ?"

ಎಮಿಲ್‌ನ ಎಡಗೈ ಚಕ್ರವನ್ನು ಬಿಗಿಯಾಗಿ ಹಿಡಿದಿತ್ತು. ಸಾಯುವವನ ಹಿಡಿತವಲ್ಲ ಅದು. ಲನೆಟ್ ಬಗ್ಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೊನೆಯ ಬೆರಳು ಬಿಡಿಸುವಾಗ ಅವನು ಅವಳ ಮುಖವನ್ನು ನೋಡಿದ. ಇಷ್ಟು ದಿನ ಚಮಚ ಹಿಡಿದಾಗ ಒಮ್ಮೆಯೂ ಹೀಗೆ ನೋಡಿರಲಿಲ್ಲ. ಕಿರುಬೆರಳನ್ನು ಅವಳು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹಿಂದಕ್ಕೆ ಬಗ್ಗಿಸಿದಳು.

ಜನ ದಾರಿ ಬಿಟ್ಟರು. ಅಷ್ಟು ಬೇಗ ದಾರಿ ಬಿಟ್ಟ ಜನವನ್ನು ಅವಳು ಎಂದೂ ಕಂಡಿರಲಿಲ್ಲ. ಎದುರು ಬದಿಯಿಂದ ಗಂಡಸರು ಓಡಿ ಬಂದರು. ಇಳಿಜಾರಿನಲ್ಲಿ ಕುರ್ಚಿಯನ್ನು ಎತ್ತಿಕೊಂಡೇ ಹೊರಗೆ ತಂದರು. "ಪಾಪ, ಪಾಪ, ಜೀವ ಮುಖ್ಯ ಕಣಮ್ಮ, ನೀನು ಹೋಗು," ಎನ್ನುತ್ತ ನೆಲ್ಡಾ ಗೇಟನ್ನು ಅಗಲಕ್ಕೆ ತೆರೆದು ಹಿಡಿದಳು. ಅವಳ ಮಗ ಕಾರಿನ ಬಾಗಿಲು ತೆಗೆದ.

ಊರಿನ ಆಸ್ಪತ್ರೆ ಮುಚ್ಚಿ ವರ್ಷಗಳಾಗಿದ್ದವು. ಪಕ್ಕದ ಜಿಲ್ಲೆಯದಕ್ಕೆ ಲನೆಟ್ ಒಬ್ಬಳೇ ಓಡಿಸಿಕೊಂಡು ಹೋದಳು. ರಾಯ್ಸ್ ಹಾಲಿಸ್‌ನ ಜತೆ ಜಗಳಕ್ಕೆ ನಿಂತಿದ್ದ. ದಾರಿಯುದ್ದಕ್ಕೂ ಎಮಿಲ್ ಕಣ್ಣು ತೆರೆದೇ ಇದ್ದ.

ಸಂಜೆಗೆ ಡಾಕ್ಟರು ಹೊರಗೆ ಬಂದು ಒಳ್ಳೆಯ ಸುದ್ದಿ ಹೇಳಿದರು. "ಸರಿಯಾದ ಹೊತ್ತಿಗೆ ತಂದ್ರಿ. ಇನ್ನರ್ಧ ಗಂಟೆ ಬಿಸಿಲಲ್ಲಿದ್ದಿದ್ರೆ ಕಷ್ಟ ಇತ್ತು."

"ಎರಡು ಸೆಕೆಂಡು ತಡವಾಗಿದ್ರೆ?"

ಡಾಕ್ಟರು ಅವಳನ್ನು ವಿಚಿತ್ರವಾಗಿ ನೋಡಿದರು. "ಎರಡು ಸೆಕೆಂಡಿಂದ ಏನಾಗುತ್ತಮ್ಮ? ಏನೂ ಆಗ್ತಿರ್ಲಿಲ್ಲ."

ಹಾಲಿಸ್ ಜಗ್ಗಲಿಲ್ಲ. ಒಡೆಯನೇ ಬಂದು ಸಹಿ ಮಾಡಬೇಕು ಎಂಬ ನಿಯಮವನ್ನು ಸಭೆಯಲ್ಲಿ ಮೊದಲು ಸೂಚಿಸಿದ್ದೇ ಎಮಿಲ್ ಎಂದು ನೆನಪಿಸಿದ. ಇಲ್ಲವಾದರೆ ಸತ್ತವರ ಹೆಸರಿನಲ್ಲಿ ಊರು ಬಿಟ್ಟವರೆಲ್ಲ ಸೀಟು ಹಿಡಿದು ಕೂರುತ್ತಾರೆ ಎಂದು ವಾದಿಸಿ ಗೆದ್ದವನು ಅವನೇ. ಸೂರ್ಯ ಮುಳುಗುವ ಮೊದಲೇ ನಾಲ್ಕು ಸೀಟೂ ನೆಲ್ಡಾಳ ಮಗನ ಹೆಸರಿಗೆ ಹೋದವು. ರಾಯ್ಸ್ ಆಸ್ಪತ್ರೆಯ ಕಡೆ ಬರಲಿಲ್ಲ, ದಾರಿಯಿಂದಲೇ ಫೋನ್ ಮಾಡಿದ.

"ಬೇಕಂತ್ಲೇ ಮಾಡಿದೆ ನೀನು."

"ಜೀವ ಉಳಿಸ್ದೆ ಕಣೋ."

"ಯಾರು ಕೇಳಿದ್ರು ನಿನ್ನ? ಅವರು ಕೇಳಿದ್ರಾ?"

ಆಮೇಲೆ ಅವನು ಬೆಳಗಿನ ಫೋನ್ ನಿಲ್ಲಿಸಿದ. ಊರಿನಲ್ಲಿ ಎರಡು ಮಾತು ಹುಟ್ಟಿದವು. ಮಗಳೆಂದರೆ ಹೀಗಿರಬೇಕು ಎಂದರು ಒಂದು ಕಡೆ. ಕೆಲಸ ಕಳೆದದ್ದಕ್ಕೆ ಸೇಡು ತೀರಿಸಿಕೊಂಡಳು ಎಂದರು ಇನ್ನೊಂದು ಕಡೆ. ಎರಡನ್ನೂ ಆಡಿದವರು ಅದೇ ಜನ, ಅಂಗಡಿಯಲ್ಲಿ ಅವಳಿದ್ದಾಗ ಒಂದು, ಇಲ್ಲದಾಗ ಇನ್ನೊಂದು. ಯಾವುದು ನಿಜವೆಂದು ಲನೆಟ್ ತನ್ನನ್ನು ತಾನೇ ಕೇಳಿಕೊಂಡಳು. ಉತ್ತರ ಸಿಗುವ ಲಕ್ಷಣ ಕಂಡೊಡನೆ ಕೇಳುವುದನ್ನು ಬಿಟ್ಟಳು.

ಎಮಿಲ್ ಮನೆಗೆ ಬಂದ. ಹೃದಯ ಗಟ್ಟಿಯಾಗಿದೆ, ಇನ್ನೂ ವರ್ಷಗಟ್ಟಲೆ ಬದುಕಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನೋಡಲು ಈಗ ಯಾರೂ ಬರುತ್ತಿರಲಿಲ್ಲ. ಮಗಳ ಕೂಡ ಅವನು ಮಾತು ಬಿಟ್ಟ. ಚಮಚ ಬಂದರೆ ಬಾಯಿ ತೆರೆಯುತ್ತಿದ್ದ, ಅಷ್ಟೇ.

ಸೆಪ್ಟೆಂಬರಿನ ಮೊದಲ ಶುಕ್ರವಾರ ಹೊಸ ಸ್ಟೇಡಿಯಮ್ಮಿನಲ್ಲಿ ಮೊದಲ ಆಟ. ಸಂಜೆ ಊರಿಗೂರೇ ನೇರಳೆ ಬಟ್ಟೆ ತೊಟ್ಟು ಮನೆಯ ಮುಂದೆ ಹಾದುಹೋಯಿತು. ಲನೆಟ್ ಅಪ್ಪನ ಮಂಚವನ್ನು ಕಿಟಕಿಯ ಪಕ್ಕಕ್ಕೆ ಸರಿಸಿ ಕಿಟಕಿ ತೆರೆದಳು. ಗಾಳಿ ಬರಲಿ ಎಂದಳು. ದೀಪಗಳ ಬಿಳಿ ಬೆಳಕು ಮರಗಳ ಮೇಲೆ ಕಾಣುತ್ತಿತ್ತು. ಜನರ ಕೂಗು ಅಲೆ ಅಲೆಯಾಗಿ ಬಂದು ಬಡಿಯುತ್ತಿತ್ತು. ಕೂಗು ಗೆದ್ದದ್ದಕ್ಕೋ ಕಳೆದುಕೊಂಡದ್ದಕ್ಕೋ ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಎಮಿಲ್ ಕತ್ತು ಎತ್ತಿ, ಒಂದು ಕಿವಿಯನ್ನು ಕಿಟಕಿಗೆ ಕೊಟ್ಟು, ಪ್ರತಿ ಕೂಗಿಗೂ ಹುಬ್ಬು ಗಂಟಿಕ್ಕಿ ಲೆಕ್ಕ ಹಾಕುತ್ತಿದ್ದ.

ಲನೆಟ್ ಅಡುಗೆಮನೆಯಲ್ಲಿ ಬೀನ್ಸ್ ಸಾರಿಗೆ ಬ್ರೆಡ್ ಅದ್ದಿಕೊಂಡು ತಿನ್ನುತ್ತ ರೇಡಿಯೋ ಕೇಳುತ್ತಿದ್ದಳು. ಗೂಳಿಗಳು ನಾಲ್ಕು ಅಂಕ ಮುಂದಿದ್ದರು. ಮೂರು ನಿಮಿಷ ಬಾಕಿ. ಚೆಂಡು ಎದುರಾಳಿಗಳ ಕೈಯಲ್ಲಿ.

"ಲನೆಟ್."

ಅವಳು ಹೋಗಿ ಬಾಗಿಲಲ್ಲಿ ನಿಂತಳು. ತಿಂಗಳ ಮೇಲೆ ಅವನು ಆಡಿದ ಮೊದಲ ಮಾತು ಅವಳ ಹೆಸರು.

"ಎಷ್ಟು?" ಎಂದ ಎಮಿಲ್. ಕಣ್ಣಲ್ಲಿ ನೀರಿತ್ತು. "ಎಷ್ಟಾಯ್ತಮ್ಮಾ?"

"ಗೊತ್ತಿಲ್ಲಪ್ಪ," ಎಂದಳು ಲನೆಟ್. "ನಾನು ಆಟ ನೋಡೋಳಲ್ವಲ್ಲ."

ಹೊದಿಕೆಯನ್ನು ಅವನ ಎದೆಯವರೆಗೆ ಎಳೆದು, ಅಂಚನ್ನು ಹಾಸಿಗೆಯ ಕೆಳಗೆ ಅಚ್ಚುಕಟ್ಟಾಗಿ ಸಿಕ್ಕಿಸಿದಳು. ಕಿಟಕಿಯನ್ನು ತೆರೆದೇ ಬಿಟ್ಟು ಅಡುಗೆಮನೆಗೆ ವಾಪಸ್ ಹೋಗಿ, ರೇಡಿಯೋದ ಸದ್ದನ್ನು ತನಗೊಬ್ಬಳಿಗೇ ಕೇಳುವಷ್ಟಕ್ಕೆ ಇಳಿಸಿದಳು.