ಮಣ್ಣು ಮುಟ್ಟದ ಕತ್ತಿ

"ಅಲ್ಲೇ ನಿಂತ್ಕೊ. ಶೆಡ್ಡಿನ ಅಡಿಯಿಂದ ಒಂದು ಹೆಜ್ಜೆ ಆಚೆ ಇಡ್ಬೇಡ," ಎಂದು ವಾರಿಜಾ ಫೋನಿನಲ್ಲಿ ಮಗಳಿಗೆ ಎರಡೆರಡು ಸಲ ಹೇಳಿದಳು. ಹದಿನೇಳರ ಶ್ರದ್ಧಾ ಠಾಣೆ ಪೇಟೆಯ ಕ್ಲಾಸು ಮುಗಿಸಿ, ಲೋಕಲ್ ಟ್ರೇನಿಳಿದು, ದಿವಾ ಸ್ಟೇಷನ್ನಿನಿಂದ ಓಡೋಡಿ ಬಂದು ಬಿಲ್ಡಿಂಗಿನ ಗೇಟು ದಾಟಿದ್ದಳಷ್ಟೇ, ಗಾಳಿ ಎದ್ದಿತ್ತು. "ಠೀಕ್ ಹೈ ಮಮ್ಮಿ, ಬೈಕ್ ಕೇ ಬಾಜೂ ಮೇ ಖಡೀ ಹೂಂ," ಎಂದಳು. ಬೈಕಿನ ಪಕ್ಕದಲ್ಲೇ ನಿಂತಿದ್ದೇನೆ ಎಂಬುದನ್ನೂ, ಕನ್ನಡದಲ್ಲಿ ಕೇಳಿದರೂ ಹಿಂದಿಯಲ್ಲೇ ಹೇಳುವ ಹುಡುಗಿ. ಅಷ್ಟರಲ್ಲಿ ಗುಡುಗು ಕೇಳಿತು, ಫೋನು ಕಟ್ಟಾಯಿತು, ಕರೆಂಟೂ ಹೋಯಿತು.

ಮೇ ತಿಂಗಳ ಸಂಜೆ ನಾಲ್ಕೂವರೆ. ಹದಿನೈದು ದಿನಗಳಿಂದ ಈ ನಾಲ್ಕನೇ ಮಾಳಿಗೆಯ ಗೋಡೆಗೆ ಕೈ ಇಟ್ಟರೆ ಕಾವಲಿ ಮುಟ್ಟಿದ ಹಾಗಾಗುತ್ತಿತ್ತು. ಒಂದು ಹನಿ ಬೀಳಲಿ ದೇವರೇ ಎಂದು ಎಲ್ಲರೂ ಬಾಯಿ ಬಿಡುತ್ತಿದ್ದರು. ಈಗ ಬಂತು ನೋಡಿ, ಕೇಳಿದ್ದಕ್ಕೆ ಹತ್ತು ಪಾಲು ಹೆಚ್ಚಾಗಿ. ಆಕಾಶ ಕೆಂಪು ಧೂಳಿನಲ್ಲಿ ಮುಚ್ಚಿಹೋಗಿ, ಯಾರದೋ ಮನೆಯ ತಗಡು, ಯಾರದೋ ಒಣಗಿಸಿದ ಬಟ್ಟೆ ಎಲ್ಲ ಒಟ್ಟಿಗೆ ಹಾರುತ್ತಿದ್ದವು. ಮಗಳು ಕಾಂಪೌಂಡಿನೊಳಗಾದರೂ ಸೇರಿಕೊಂಡಳಲ್ಲ ಎಂದು ವಾರಿಜಾ ಉಸಿರು ಬಿಟ್ಟಳು.

ಹೊರಕೋಣೆಗೆ ಬಂದರೆ ಅತ್ತೆ ಅಪ್ಪಿ ಗ್ಯಾಲರಿಯಲ್ಲಿ ನಿಂತಿದ್ದರು. ಬಟ್ಟೆ ಹರವಲು ಗ್ರಿಲ್ಲಿಗೆ ಇಟ್ಟಿದ್ದ ಚಿಕ್ಕ ಬಾಗಿಲು ಪೂರ್ತಿ ತೆರೆದಿತ್ತು. ಅಪ್ಪಿಯ ಬಲಗೈ ಇನ್ನೂ ಹೊರಗೇ ಇತ್ತು, ಬೆರಳುಗಳು ಬಿಡಿಸಿಕೊಂಡಿದ್ದವು. ಕೆಳಗಿನಿಂದ, ಗಾಳಿಯ ಆ ಗದ್ದಲದಲ್ಲೂ, ಏನೋ ಒಡೆದ ಸದ್ದು ಕೇಳಿತು.

"ಎಂತ ಎಸೆದ್ರಿ ಅತ್ತೆ?"

"ಕತ್ತಿ," ಎಂದರು ಅಪ್ಪಿ, ಹಾಲು ಉಕ್ಕುವ ಮುಂಚೆ ಒಲೆ ಆರಿಸಿದವರ ಸಮಾಧಾನದಲ್ಲಿ. "ಕಬ್ಬಿಣ ಮಣ್ ಮುಟ್ಕ್. ಹೆಣ್ಣ್ ಹೊರಗಿತ್ತಲ್ದಾ."

ವಾರಿಜಾ ಬಾಗಿಲಿಗೆ ಓಡಿದಳು. ಗ್ಯಾಲರಿಯ ನೇರ ಕೆಳಗೇ ಬೈಕು ನಿಲ್ಲಿಸುವ ಶೆಡ್ಡು.

ಸಿಡಿಲು ಬಂದರೆ ಅಂಗಳಕ್ಕೆ ಕತ್ತಿ ಎಸೆಯುವುದು ಅಪ್ಪಿಯ ಊರಿನ ಪದ್ಧತಿ. ಬೈಂದೂರಿನ ಕಡೆ ಅದನ್ನು ಯಾರೂ ವಿಚಿತ್ರ ಎನ್ನುವುದಿಲ್ಲ. ಕಬ್ಬಿಣ ಮಣ್ಣು ಮುಟ್ಟಬೇಕು, ಮುಟ್ಟಿದರೆ ಸಿಡಿಲು ಮನೆಯವರನ್ನು ಬಿಟ್ಟು ಹೋಗುತ್ತದೆ ಎಂಬ ನಂಬಿಕೆ. ನಲವತ್ತೈದು ವರ್ಷದ ಹಿಂದೆ ಇಂಥದೇ ಒಂದು ಮೇ ತಿಂಗಳಲ್ಲಿ ಗಾಳಿ ಎದ್ದಾಗ ಅಪ್ಪಿ ಕತ್ತಿ ಹುಡುಕಿದ್ದರು. ಸಿಗಲಿಲ್ಲ. ಬೆಳಿಗ್ಗೆಯಷ್ಟೇ ಪಕ್ಕದ ಮನೆಯವರಿಗೆ ತೆಂಗಿನ ಮಡಲು ಕಡಿಯಲು ಕೊಟ್ಟಿದ್ದರು. ಬಿದ್ದ ಮಾವಿನಕಾಯಿ ಹೆಕ್ಕಲು ಓಡಿದ ದೊಡ್ಡ ಮಗ ವಾಸು, ಹನ್ನೊಂದು ವರ್ಷದವನು, ಮರದ ಬುಡದಲ್ಲೇ ಸುಟ್ಟುಹೋದ. ಸಿಡಿಲು ಕೊಂದಿತು ಎಂದು ಊರವರೆಲ್ಲ ಹೇಳಿದರು. ನಾನು ಕೊಂದೆ ಎಂದು ಅಪ್ಪಿ ಹೇಳಿಕೊಂಡರು, ಇವತ್ತಿಗೂ ಹೇಳುತ್ತಾರೆ.

ಎರಡನೇ ಮಗ ಶೇಖರ, ವಾರಿಜಾಳ ಗಂಡ, ಠಾಣೆಯ ನೌಪಾಡಾದ ಹೋಟೆಲೊಂದರಲ್ಲಿ ಮ್ಯಾನೇಜರು. ಅಮ್ಮನನ್ನು ಇಲ್ಲಿಗೆ ಕರೆತಂದಾಗ ಕತ್ತಿಯೂ ಹಾಸಿಗೆಯೊಳಗೆ ಸುತ್ತಿಕೊಂಡು ಬಂತು. ಗುಡುಗಿದರೆ ಗ್ಯಾಲರಿಯ ನೆಲಕ್ಕೇ ಎಸೆಯಿರಿ, ಅದೇ ಅಂಗಳ ಎಂದುಕೊಳ್ಳಿ ಎಂದು ಮಗ ಸೊಸೆ ಸೇರಿ ಒಪ್ಪಿಸಿದ್ದರು. ಎರಡು ಟೈಲ್ಸ್ ಒಡೆದವು, ಹೋಗಲಿ ಎಂದರು. ಆದರೂ ಮಳೆಗಾಲ ಹತ್ತಿರ ಬಂದಾಗ ವಾರಿಜಾ ಕತ್ತಿಯನ್ನು ಅಟ್ಟದ ಮೇಲೆ ಅಡಗಿಸಿಡುತ್ತಿದ್ದಳು. ಇವತ್ತು ಬೆಳಿಗ್ಗೆ ಕಾಯಿ ಸುಲಿಯಲು ತೆಗೆದವಳು ಮತ್ತೆ ಮೇಲಿಡುವುದನ್ನು ಮರೆತಿದ್ದಳು. ಮಗಳಿಗೆ ಶೆಡ್ಡಿನಡಿಯೇ ನಿಲ್ಲು ಎಂದವಳೂ ಅವಳೇ.

ಲಿಫ್ಟು ಸತ್ತಿತ್ತು. ಕತ್ತಲೆಯ ಮೆಟ್ಟಿಲಲ್ಲಿ ಗೋಡೆ ಸವರುತ್ತ ಇಳಿದಳು. ಮಗಳಿಗೆ ಫೋನು ಹಚ್ಚಿದಳು, ಹತ್ತಲಿಲ್ಲ. ಮೂರನೇ ಮಾಳಿಗೆಯಲ್ಲಿ ಚಪ್ಪಲಿ ಜಾರಿ ಮೊಣಕಾಲು ತರಚಿತು. ಚಪ್ಪಲಿ ಅಲ್ಲೇ ಬಿಟ್ಟಳು. ದೇವರೇ, ತಪ್ಪು ನಂದು, ಬೇಕಾದ್ದು ನನ್ನಿಂದ ತಗೊ, ಹುಡುಗಿಯನ್ನು ಮುಟ್ಟಬೇಡ ಎಂದು ಅಳುತ್ತಲೇ ಇಳಿದಳು. ಅಳುವಿನ ನಡುವೆಯೇ ಅತ್ತೆಗೆ ಹೇಳಬೇಕಾದ ಒಂದು ಮಾತು ನಾಲಿಗೆಗೆ ಬಂದು ಕೂತಿತು: ಒಂದು ಸಾಲಲಿಲ್ಲವಾ ನಿಮಗೆ? ಒಂದನ್ನು ಕತ್ತಿ ಎಸೆಯದೆ ಕಳೆದಿರಿ, ಇನ್ನೊಂದನ್ನು ಎಸೆದು ಕಳೆದಿರಿ. ಇದನ್ನು ಹೇಳಿಯೇ ಹೇಳುತ್ತೇನೆ, ಮುದುಕಿ ಎದೆ ಒಡೆದು ಸತ್ತರೂ ಸರಿ ಎಂದುಕೊಂಡಳು.

ಕೆಳಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಶೆಡ್ಡಿನ ಸಿಮೆಂಟ್ ಶೀಟಿಗೆ ಮೊರದಗಲದ ತೂತು ಬಿದ್ದಿತ್ತು. ವಾಚ್‌ಮನ್ ಜಟ್ಟೆಪ್ಪ ಮತ್ತೆರಡು ಜನ ಕತ್ತೆತ್ತಿ ಅದನ್ನೇ ನೋಡುತ್ತಿದ್ದರು. ಅವರ ಹಿಂದೆ, ಯಾರದೋ ಸ್ಕೂಟರಿಗೆ ಒರಗಿ, ಶ್ರದ್ಧಾ ನಿಂತಿದ್ದಳು. ಬಿದ್ದಿರಲಿಲ್ಲ, ನಿಂತಿದ್ದಳು.

ವಾರಿಜಾ ಅವಳ ತಲೆ, ಕುತ್ತಿಗೆ, ಭುಜ ಎಲ್ಲ ತಡವಿದಳು. ಎಲ್ಲೂ ರಕ್ತವಿಲ್ಲ. ಹುಡುಗಿಯ ತುಟಿ ಮಾತ್ರ ಸುಣ್ಣದ ಹಾಗಿತ್ತು. ಪುಸ್ತಕದ ಚೀಲವನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅವುಚಿಕೊಂಡಿದ್ದಳು.

"ಮ್ಯಾಲಿಂದ ಹಂಚೋ ಏನೋ ಹಾರಿ ಬಿದ್ದದ ನೋಡ್ರಿ ಅಕ್ಕಾರ," ಎಂದ ಜಟ್ಟೆಪ್ಪ. "ಹುಡುಕಿದ್ರ ಏನೂ ಸಿಗವಲ್ದು. ಹುಡುಗಿ ಪುಣ್ಯಾ ಗಟ್ಟಿ ಇತ್ತು."

ಶ್ರದ್ಧಾ ಚೀಲವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು. ಮೆಟ್ಟಿಲು ಹತ್ತುವಾಗಲೂ ಚೀಲವನ್ನು ಅಮ್ಮನ ಕೈಗೆ ಕೊಡಲಿಲ್ಲ. ಎರಡನೇ ಮಾಳಿಗೆಯ ತಿರುವಿನಲ್ಲಿ ಮೆಟ್ಟಿಲ ಮೇಲೆ ಕೂತಳು. ಆಗ ಚೀಲದ ಬಾಯಿ ತೆರೆದಳು. ಪುಸ್ತಕಗಳ ನಡುವೆ ಕತ್ತಿಯಿತ್ತು. ಚೀಲದ ಎಡಗಡೆಯ ಪಟ್ಟಿ ಭುಜದ ಹತ್ತಿರ ಸೀಳಿಹೋಗಿತ್ತು.

"ಅಜ್ಜಿ ಕಾ ಹೈ ನಾ?" ಎಂದಳು. "ಉನ್ ಲೋಗೋಂ ಕೋ ನಹೀ ದಿಖಾಯಾ."

ಪೊಲೀಸು, ಬಿಲ್ಡಿಂಗಿನ ಸೊಸೈಟಿ ಎಂದು ಯಾರಾದರೂ ಮೇಲೆ ಬಂದಾರು ಎಂದು ಹೆದರಿ, ಬಿದ್ದದ್ದೇ ತಡ ಹುಡುಗಿ ಅಜ್ಜಿಯ ಕತ್ತಿಯನ್ನು ಅಲ್ಲಿದ್ದವರಿಗೆ ತೋರಿಸದೆ ಚೀಲಕ್ಕೆ ತುರುಕಿಕೊಂಡಿದ್ದಳು. ವಾರಿಜಾಳಿಗೆ ಮಗಳನ್ನು ತಬ್ಬಿಕೊಳ್ಳಲೂ ಕೈ ಬರಲಿಲ್ಲ. ಕತ್ತಿ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು. ನಾಲಿಗೆಯ ಮೇಲಿನ ಮಾತು ಇನ್ನೂ ಅಲ್ಲೇ ಇತ್ತು, ಈಗ ಇನ್ನಷ್ಟು ಹರಿತವಾಗಿತ್ತು.

ಅಪ್ಪಿ ಬಾಗಿಲಲ್ಲೇ ಕೂತಿದ್ದರು. ಮೊಮ್ಮಗಳನ್ನು ಕಂಡದ್ದೇ ನೆಲಕ್ಕೆ ಕೈಯೂರಿ ಎದ್ದರು. ಅವಳ ಕೆನ್ನೆ ಸವರಿದರು, ಕೈ ಸವರಿದರು, ಒದ್ದೆ ಕೂದಲನ್ನು ತಮ್ಮ ಸೀರೆಯಲ್ಲೇ ಒರೆಸಿದರು. ಆಮೇಲೆ ಸೊಸೆಯತ್ತ ತಿರುಗಿದರು.

"ಹೆಣೆ, ಕತ್ತಿ ಮಣ್ಣಿಗ್ ಬಿತ್ತಾ?"

ಕೆಳಗೆ ಮಣ್ಣೆಲ್ಲಿದೆ? ಗೇಟಿನಿಂದ ಗೋಡೆಯವರೆಗೆ ಸಿಮೆಂಟಿನ ಬ್ಲಾಕು ಹಾಸಿದ್ದಾರೆ. ವಾರಿಜಾ ಬಾಯಿ ತೆರೆದಳು.

"ಬಿತ್ತು ಅಜ್ಜಿ," ಎಂದಳು ಶ್ರದ್ಧಾ, ಒಂದೊಂದೇ ಶಬ್ದ ಹುಡುಕಿ. "ಮಣ್ಣಿಗೇ ಬಿತ್ತು. ನಾನು ನೋಡ್ದೆ."

ಅಪ್ಪಿಯ ಮುಖ ಬಿಚ್ಚಿಕೊಂಡಿತು. ಅಂಥ ಮುಖವನ್ನು ವಾರಿಜಾ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅವತ್ತು ಕತ್ತಿ ಮನೆಯಲ್ಲಿದ್ದಿದ್ದರೆ ಎಂದು ಏನೋ ಹೇಳಹೊರಟು ನಿಲ್ಲಿಸಿದರು. ಅಷ್ಟರಲ್ಲಿ ಚೀಲ ಕಣ್ಣಿಗೆ ಬಿತ್ತು.

"ಇದನ್ನೆಲ್ ಹರ್ಕಂಡ್ಯೆ?"

"ಟ್ರೇನಲ್ಲಿ."

ಇಂಥ ರಶ್ಶಿನಲ್ಲಿ ಹರಿಯದೆ ಇನ್ನೇನು ಎಂದು ಗೊಣಗುತ್ತ ಅಪ್ಪಿ ದೇವರ ಗೂಡಿನಿಂದ ಸೂಜಿ ದಾರದ ಡಬ್ಬಿ ತಂದರು. ಗ್ಯಾಲರಿಯ ಬೆಳಕಿಗೆ ಕೂತು, ಸೀಳಿದ ಪಟ್ಟಿಯ ಎರಡು ತುದಿಗಳನ್ನು ತೊಡೆಯ ಮೇಲೆ ಒಂದಕ್ಕೊಂದು ಜೋಡಿಸಿದರು. ಕಣ್ಣು ಸರಿಯಾಗಿ ಕಾಣದೆ ಸೂಜಿಯನ್ನು ಮೊಮ್ಮಗಳತ್ತ ಚಾಚಿದರು. ಬೆನ್ನ ಹಿಂದೆ ಕತ್ತಿ ಸುತ್ತಿದ ಸೆರಗಿನ ಗಂಟು ಹಿಡಿದು ವಾರಿಜಾ ನೋಡುತ್ತ ನಿಂತಳು. ಶ್ರದ್ಧಾ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡು ಸೂಜಿಯ ಕಣ್ಣಿಗೆ ಹಿಡಿದಳು. ಹೋಗಲಿಲ್ಲ. ಮತ್ತೆ ಹಿಡಿದಳು.