ರಸ್ತೆಯ ಆಚೆ ಕೆಂಚಿ

ಮುಂಗಾಲು ಎತ್ತಿಕೊಂಡೇ ನಿಂತಿದ್ದಾಳೆ ನನ್ನ ನಾಯಿ, ಎಡಗಾಲು, ಪಾದ ಮಾತ್ರ ಬೆಳ್ಳಗಿರುವುದು, ರಸ್ತೆಯ ಆ ಅಂಚಿನಲ್ಲಿ ಕೆಂಚಿ, ಈ ಅಂಚಿನಲ್ಲಿ ನಾನು, ನಡುವೆ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಲಾರಿಗಳು — ಗೇಟಿನ ಚಿಲಕ ಹಾಕದೆ ನೀರಿನ ಕ್ಯಾನ್ ಎತ್ತಲು ಬಗ್ಗಿದೆಯಲ್ಲ ಪ್ರಮೋದಾ, ಬುದ್ಧಿ ಎಲ್ಲಿಟ್ಟಿದ್ದೆ, ನನಗೆ ನಾನೇ ಬೈದುಕೊಂಡೆ — ಕೂಗಬಾರದು, ಓಡಬಾರದು, ಬೆದರಿದರೆ ಚಕ್ರದಡಿಗೇ ನುಗ್ಗುತ್ತಾಳೆ, ಎರಡು ಗಂಟೆಗೆ ಶಿಫ್ಟ್ ಬಿಡುತ್ತದೆ, ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ, ಇನ್ನು ಐದು ನಿಮಿಷವೂ ಇಲ್ಲ, ಕೂತುಬಿಡು, ಮಣ್ಣಿನಲ್ಲೇ ಕೂತುಬಿಡು, ಪಕ್ಕಕ್ಕೆ ತಿರುಗಿ, ಅಂಗೈ ನೆಲಕ್ಕಿಟ್ಟು, ಮೂರು ತಿಂಗಳು ಹೀಗೇ ತಾನೇ ಕೂತದ್ದು, ಅಂಗೈಯಲ್ಲಿ ಮುದ್ದೆಯ ಚೂರು ಇಟ್ಟುಕೊಂಡು, ಅವಳ ಕಣ್ಣು ನೋಡದೆ, ಮೊದಲು ಹತ್ತು ಮಾರು ದೂರ, ಆಮೇಲೆ ಎರಡು ಮಾರು, ಆಮೇಲೊಂದು ದಿನ ಬೆರಳಿಗೆ ತಣ್ಣನೆಯ ಮೂಗು, ಅವತ್ತು ಅತ್ತುಬಿಟ್ಟಿದ್ದೆ, ಒಂದು ನಾಯಿಗೋಸ್ಕರ ಅಳ್ತೀಯಲ್ಲೇ ಅಂದಿದ್ದರು ನನ್ನ ಗಂಡ ಮುನೀಂದ್ರ. ಅಂಗೈ ನೆಲಕ್ಕೆ ಇಟ್ಟರೆ ಕೂತುಕೊಳ್ಳಬೇಕು ಅಂತ ಹೋದ ವಾರವಷ್ಟೇ ಕಲಿತಿದ್ದಾಳೆ, ಕೈ ಮೇಲೆತ್ತಿದರೆ ನಡುಗುತ್ತಾಳೆ, ಪಾಪದ್ದು, ಆವತಿ ಕಡೆಯ ದ್ರಾಕ್ಷಿ ತೋಟದಲ್ಲಿ ಏನೇನು ಕಂಡಳೋ. ಏರ್‌ಪೋರ್ಟ್ ಬಂದಮೇಲೆ ಆ ತೋಟವೂ ಸೈಟುಗಳಾಯಿತು, ತೋಟದವರು ಬಳ್ಳಿಯ ತಂತಿ ಸುತ್ತಿಕೊಂಡು ಹೋದರು, ಬಳ್ಳಿ ಕಿತ್ತು ಹಾಕಿದರು, ಕಲ್ಲುಕಂಬಕ್ಕೆ ಕಟ್ಟಿದ್ದ ನಾಯಿಯನ್ನು ಮಾತ್ರ ಯಾರೂ ಬಿಚ್ಚಲಿಲ್ಲ, ನಾನು ಬಿಚ್ಚಿದಾಗ ಸರಪಳಿ ಕುತ್ತಿಗೆಯ ಚರ್ಮಕ್ಕೆ ಇಳಿದಿತ್ತು. ತಂದ ದಿನವೇ, ನಮ್ಮ ಮನೆಗಳಲ್ಲಿ ನಾಯಿ ಕರೆಯುವ ಹಾಗೆಯೇ, ಸೌಟಿನಿಂದ ತಟ್ಟೆ ಬಡಿದೆ, ಊಟಕ್ಕೆ ಬಾ ಅಂತ, ಪ್ರೀತಿಯಿಂದಲೇ ಬಡಿದೆ, ಅಲ್ಲೇ ಉಚ್ಚೆ ಹೊಯ್ದುಕೊಂಡು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಸೇರಿಕೊಂಡವಳು ಎರಡು ದಿನ ನೀರೂ ಮುಟ್ಟಲಿಲ್ಲ. ತೋಟದಲ್ಲಿ ಕೂಲಿಗಿದ್ದ ಮುತ್ಯಾಲಮ್ಮ ಆಮೇಲೆ ಹೇಳಿದಳು, ಹಕ್ಕಿ ಓಡ್ಸೋಕೆ ಬೆಳಗಿಂದ ಸಂಜೇಗಂಟ ಅದರ ತಲೆ ಮೇಲೇ ತಗಡು ಬಡೀತಿದ್ವಮ್ಮ, ಅದೆಲ್ಲಿಗೆ ಹೋಗ್ಬೇಕು, ಕಟ್ಟಾಕಿದ್ರಲ್ಲ. ಆ ವಾರ ಇವರಿಗೆ ನೈಟ್ ಶಿಫ್ಟ್, ಇದೊಂದನ್ನೂ ಕಂಡಿರಲಿಲ್ಲ, ನಾನು ಮಾಡಿದ್ದನ್ನು ಹೇಳಲು ನಾಚಿಕೆ, ಹೇಳಲೇ ಇಲ್ಲ.

ಹಾರ್ನ್, ಮೊದಲ ಬಸ್ಸು ತಿರುವಿಗೆ ಬಂತು, ನನ್ನ ಹಿಂದೆ ಗೇಟು ಕಿರ್ರೆಂದಿತು, ಇವರೇ, ನಿದ್ದೆಗಣ್ಣು, ಲುಂಗಿ, ಒಂದು ಕೈಯಲ್ಲಿ ಸ್ಟೀಲ್ ತಟ್ಟೆ, ಇನ್ನೊಂದರಲ್ಲಿ — ಅಯ್ಯೋ ಸೌಟು — ಎಲ್ಲಾದ್ರೂ ಬಿಟ್ಬಿಟ್ಟು ಬಾ ಅಂದಿದ್ದ ಮನುಷ್ಯ, ಈಗೀಗ ಕ್ಯಾಂಟೀನಿನಿಂದ ಕೋಳಿ ಮೂಳೆ ಕಾಗದದಲ್ಲಿ ಸುತ್ತಿ ತರುವ ಮನುಷ್ಯ, ಇರು ನಾನ್ ಕರೀತೀನಿ ಅನ್ನುತ್ತಾ ಸೌಟು ಎತ್ತಿಯೇಬಿಟ್ಟರು, ಆಚೆ ಆ ಬಿಳಿ ಪಾದ ಗಾಳಿಯಲ್ಲಿ, ಈಚೆ ಸೌಟು ಗಾಳಿಯಲ್ಲಿ, ತಪ್ಪು ನನ್ನದು, ಮೂರು ತಿಂಗಳಿಂದ ನುಂಗಿಕೊಂಡ ಮಾತು, ಕಿರುಚಬಾರದು, ಬಡೀಬೇಡಿ ಕಣ್ರೀ, ಆ ಸದ್ದಿಗೇ ಅದು ಸಾಯುತ್ತೆ, ಕೂತ್ಕೊಳ್ಳಿ. ಇವರು ಸೌಟನ್ನು ಎದೆಗೊತ್ತಿಕೊಂಡು ನನ್ನ ಪಕ್ಕದ ಮಣ್ಣಿನಲ್ಲಿ ಕೂತರು, ಅವರ ಉಸಿರು ನನಗೆ ಕೇಳುತ್ತಿದೆ, ಅಂಗೈ ಒತ್ತು ಪ್ರಮೋದಾ, ಕೂತ್ಕೊ ಕೆಂಚಿ, ಕೂತ್ಕೊ — ಬಸ್ಸು ಅಡ್ಡ ಬಂತು, ಕಿಟಕಿಗಳು, ಬರೀ ಕಿಟಕಿಗಳು, ಚಕ್ರ, ಧೂಳು, ಇನ್ನೊಂದು ಬಸ್ಸು, ಏನೂ ಕಾಣದು, ಕುಯ್ಯೆಂದಿತೇ, ಇಲ್ಲ, ಬ್ರೇಕಿನ ಸದ್ದು, ದೇವರೇ — ಹೋಯಿತು. ಕೂತಿದ್ದಾಳೆ. ನಡುಗುತ್ತಾ, ಕಿವಿ ಮಡಚಿಕೊಂಡು, ಕೂತೇ ಇದ್ದಾಳೆ, ಕಾಲು ಇನ್ನೂ ಎತ್ತಿಯೇ ಇದೆ, ರಸ್ತೆ ಖಾಲಿ, ಮೂರನೆಯ ಬಸ್ಸು ದೂರದಲ್ಲಿದೆ, ಈಗಲೇ ಕರೆಯಬೇಕು, ಆದರೆ ಬಾ ಅನ್ನುವುದೊಂದನ್ನು ನಾನು ಕಲಿಸಿಲ್ಲ, ಆವತ್ತು ತಟ್ಟೆ ಬಡಿದ ಮೇಲೆ ಅವಳನ್ನು ಕರೆಯಲು ನನಗೇ ಧೈರ್ಯ ಬರಲಿಲ್ಲ. ಬಾ, ಕೆಂಚಿ. ಆ ಬಿಳಿ ಪಾದ, ಮೇಲೆಯೇ, ಇನ್ನೂ ಮೇಲೆಯೇ — ಇಳಿಯಿತು, ಟಾರಿನ ಮೇಲೆ, ನಮ್ಮ ಕಡೆಗೆ.